ಫೈಟ್ ನಡೆಯುವ ಊರು

ಸಿನಿಮಾ ಬಿಟ್ಟು ಹೊರಗೆ ಬಂದಾಗ ಫೈಟ್ ಹೇಗಿತ್ತು ಎಂದು ಯಾರಾದರೂ ಕೇಳಿದರೆ ನನ್ನ ಬಾಯಿಗೆ ಮೊದಲು ಬರುವುದು ಅದು ನಡೆದ ಜಾಗ. ಬಾಗಿಲು ಯಾವ ಕಡೆಗಿತ್ತು, ನೆಲ ಒದ್ದೆಯಿತ್ತೋ ಒಣಗಿತ್ತೋ, ತಪ್ಪಿಸಿಕೊಳ್ಳಬೇಕೆಂದರೆ ಸಿಕ್ಕಿಬಿದ್ದವನು ಎಲ್ಲಿಗೆ ಓಡಬಹುದಿತ್ತು, ಇವೆಲ್ಲ ನೆನಪಿನಲ್ಲಿ ಕೂತಿರುತ್ತವೆ. ಹೀರೋ ಎಷ್ಟು ಜನರನ್ನು ಕೆಡವಿದ, ಎಷ್ಟು ಎತ್ತರಕ್ಕೆ ಎಗರಿದ ಎನ್ನುವ ಲೆಕ್ಕ ಪಾರ್ಕಿಂಗ್ ಮುಟ್ಟುವಷ್ಟರಲ್ಲಿ ಅಳಿಸಿಹೋಗುತ್ತದೆ. ಹತ್ತು ಹದಿನೈದು ವರ್ಷಗಳ ಕನ್ನಡದ ಆ್ಯಕ್ಷನ್ ಮತ್ತು ಥ್ರಿಲ್ಲರ್ ಸಿನಿಮಾಗಳನ್ನು ಬಿಡದೆ ನೋಡುತ್ತ ಬಂದ ನನಗೆ ಒಂದು ಮಾತು ಗಟ್ಟಿಯಾಗಿದೆ. ಊರು ಕಂಡ ಸಿನಿಮಾದಲ್ಲಿ ಭಯ ಹುಟ್ಟುತ್ತದೆ. ಊರಿಲ್ಲದ ಸಿನಿಮಾದಲ್ಲಿ ಸದ್ದು ಮಾತ್ರ ಇರುತ್ತದೆ.

‘ಗರುಡ ಗಮನ ವೃಷಭ ವಾಹನ’ದಿಂದಲೇ ಶುರು ಮಾಡುತ್ತೇನೆ. 2021ರ ನವೆಂಬರಿನಲ್ಲಿ ತೆರೆಗೆ ಬಂದ ಚಿತ್ರ, ರಾಜ್ ಬಿ. ಶೆಟ್ಟಿಯವರದು. ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಬಹುದು. ಹರಿ ಮತ್ತು ಶಿವ ಎಂಬ ಇಬ್ಬರು ಗೆಳೆಯರು, ಮಂಗಳೂರಿನ ಮಂಗಳಾದೇವಿ ಏರಿಯಾ, ಅವರು ಬೆಳೆದು ಡಾನ್‌ಗಳಾಗುವುದು, ಆಮೇಲೆ ನಡುವೆ ಬಿರುಕು. ಇಂಥ ಕಥೆಗಳು ನಮಗೆ ಹೊಸವಲ್ಲ. ‘ಓಂ’ ಬಂದ 1995ರಿಂದ ಲಾಂಗು ಮಚ್ಚುಗಳ ಸಂಗಡವೇ ನಾವು ದೊಡ್ಡವರಾಗಿದ್ದೇವೆ. ಆದರೆ ಈ ಚಿತ್ರದಲ್ಲಿ ಶಿವ ಒಂದು ಕೊಲೆ ಮಾಡಿ ಬಂದು ಮಳೆಯಲ್ಲಿ ಕುಣಿಯುವ ದೃಶ್ಯವಿದೆಯಲ್ಲ, ಅಲ್ಲಿ ನಾನು ಕುರ್ಚಿಯ ತುದಿಗೆ ಬಂದು ಕೂತಿದ್ದೆ. ಅವನ ಹೆಜ್ಜೆ ಹುಲಿವೇಷದ್ದು. ನವರಾತ್ರಿಯಲ್ಲಿ ಮಂಗಳೂರಿನ ಬೀದಿಗಳಲ್ಲಿ ತಾಸೆಯ ಪೆಟ್ಟಿಗೆ ಕುಣಿಯುವ ಹುಡುಗರ ಹೆಜ್ಜೆ. ಮೊಣಕಾಲು ಬಾಗಿಸಿ, ಭುಜ ತಗ್ಗಿಸಿ, ಕುತ್ತಿಗೆಯನ್ನು ಸರಕ್ಕನೆ ತಿರುಗಿಸುವ ಆ ಪಟ್ಟು. ಹಿನ್ನೆಲೆಯಲ್ಲಿ ಮಾತ್ರ ತಾಸೆಯಿಲ್ಲ. ಚೈತ್ರಾ ಆಚಾರ್ ದನಿಯಲ್ಲಿ ಮಾದೇವನ ಜನಪದ ಹಾಡು, ‘ಸೋಜುಗಾದ ಸೂಜು ಮಲ್ಲಿಗೆ’. ಕರಾವಳಿಯ ಕಾಲಿಗೆ ಮಾದೇವನ ಒಕ್ಕಲಿನ ಕೊರಳು. ಭಕ್ತಿಯ ಹಾಡು ಕೇಳಿಸುತ್ತಿದೆ, ಕುಣಿಯುತ್ತಿರುವವನು ಈಗಷ್ಟೇ ಒಬ್ಬನನ್ನು ಕೊಂದು ಬಂದಿದ್ದಾನೆ, ಅವನ ಹೆಸರು ಶಿವ. ಚಿತ್ರದಲ್ಲಿ ಯಾರೂ ಬಾಯಿಬಿಟ್ಟು ಏನನ್ನೂ ವಿವರಿಸುವುದಿಲ್ಲ. ಅವನೊಳಗೆ ಏನು ಹೊಕ್ಕಿದೆ ಎನ್ನುವುದು ಆ ಕುಣಿತದಲ್ಲೇ ಗೊತ್ತಾಗಿಬಿಡುತ್ತದೆ. ಪಕ್ಕದಲ್ಲಿ ಕೂತಿದ್ದ ಮಂಗಳೂರಿನ ಗೆಳೆಯ, “ನಮ್ಮಲ್ಲಿ ಹುಡುಗರು ನಿಲ್ಲೋದೇ ಹೀಗೆ ಮಾರಾಯ” ಎಂದು ಪಿಸುಗುಟ್ಟಿದ. ಈ ದೃಶ್ಯಕ್ಕೆ ಅದಕ್ಕಿಂತ ದೊಡ್ಡ ಮೆಚ್ಚುಗೆ ಬೇಕಿಲ್ಲ.

ಇದೇ ಹುಲಿಯ ಹೆಜ್ಜೆ 2014ರಲ್ಲೇ ‘ಉಳಿದವರು ಕಂಡಂತೆ’ಯಲ್ಲಿ ಬಂದಿತ್ತು. ರಕ್ಷಿತ್ ಶೆಟ್ಟಿಯವರ ರಿಚ್ಚಿ, ಮಲ್ಪೆಯ ದೋಣಿಗಳು, ಅಷ್ಟಮಿಯ ಗದ್ದಲ, ಒಂದೇ ಘಟನೆಯನ್ನು ಒಬ್ಬೊಬ್ಬರ ಕಣ್ಣಿನಿಂದ ಬಿಡಿಸುತ್ತ ಹೋಗುವ ಕಥೆ. ಬಿಡುಗಡೆಯಾದಾಗ ಜನ ಅಷ್ಟಾಗಿ ಬರಲಿಲ್ಲ, ಮುಂದೆ ಅದನ್ನು ಹುಡುಕಿಕೊಂಡು ನೋಡಿದವರೇ ಜಾಸ್ತಿ. ಆ ಚಿತ್ರದ ಕಡಲಿನ ಸದ್ದು ಡಬ್ಬಿಂಗ್ ಕೋಣೆಯಿಂದ ಬಂದ ಸದ್ದಿನಂತಿರಲಿಲ್ಲ. ಮಾತು ಅಲ್ಲಲ್ಲೇ ದಾಖಲಾದದ್ದು ಕಿವಿಗೆ ಗೊತ್ತಾಗುತ್ತಿತ್ತು. ಹಿಂಸೆ ನಡೆಯುವ ಜಾಗದ ಉಸಿರಾಟ ಕೇಳಿಸಿದರೆ ನೋಡುವವನ ಮೈ ತಾನಾಗಿಯೇ ಬಿಗಿಯುತ್ತದೆ ಎಂಬುದು ನನಗೆ ಮನದಟ್ಟಾದದ್ದು ಆಗಲೇ.

ಇಲ್ಲಿ ‘ಕೆಜಿಎಫ್’ ವಿಷಯಕ್ಕೆ ಬರಲೇಬೇಕು. ನನ್ನ ಗೆಳೆಯರ ಬಳಗದಲ್ಲಿ ಅದು ಮುಗಿಯದ ಜಗಳ. 2018ರ ಡಿಸೆಂಬರಿನಲ್ಲಿ ಮೊದಲ ಭಾಗ, 2022ರ ಏಪ್ರಿಲ್ 14ಕ್ಕೆ ಎರಡನೆಯದು. ಬರೀ ಬಿಲ್ಡಪ್ಪು, ಬರೀ ಬಿಜಿಎಂ ಎಂದು ಮೂಗು ಮುರಿಯುವವರ ಮಾತನ್ನು ನಾನು ಒಪ್ಪುವುದಿಲ್ಲ. ಪ್ರಶಾಂತ್ ನೀಲ್ ಕಟ್ಟಿದ ನರಾಚಿ ಕಲ್ಪನೆಯ ಗಣಿಯೇ ಇರಬಹುದು. ಆದರೆ ಕೋಲಾರದ ಸೈನೈಡ್ ದಿಬ್ಬಗಳನ್ನು ನೋಡಿದವರಿಗೆ ಆ ಮಸಿ, ಆ ಧೂಳು ಎಲ್ಲಿಂದ ಬಂತು ಎನ್ನುವುದು ತಿಳಿಯುತ್ತದೆ. ಬ್ರಿಟಿಷರ ಕಾಲದಲ್ಲಿ ಶುರುವಾಗಿ, ಮೂರು ಕಿಲೋಮೀಟರಿಗೂ ಆಳ ಇಳಿದು, 2001ರಲ್ಲಿ ಬಾಗಿಲು ಹಾಕಿದ ಗಣಿ ಕೋಲಾರದ್ದು. ಚಿನ್ನ ತೆಗೆದು ಉಳಿದ ಮಣ್ಣು ಗುಡ್ಡ ಗುಡ್ಡವಾಗಿ ಬಿದ್ದಿದೆ, ಅದರ ಮೇಲೆ ಹುಲ್ಲು ಬೆಳೆಯುವುದೂ ಕಷ್ಟ. ಅಂಥ ನೆಲದಲ್ಲಿ ಒಬ್ಬ ಸುತ್ತಿಗೆ ಎತ್ತಿದರೆ ಆ ಕಪ್ಪಿಗೆ ಒಂದು ನ್ಯಾಯವಿದೆ. ಭುವನ್ ಗೌಡರ ಕ್ಯಾಮೆರಾ ಬಣ್ಣಗಳನ್ನು ಹಿಂಡಿ ತೆಗೆದಿದ್ದು ಸುಮ್ಮನೆ ಸ್ಟೈಲಿಗಾಗಿ ಅಲ್ಲ.

ಎರಡನೆಯ ಭಾಗದಲ್ಲಿ ಪೊಲೀಸ್ ಠಾಣೆಯ ಮೇಲೆ ‘ದೊಡ್ಡಮ್ಮ’ ಎಂಬ ಬಂದೂಕಿನ ದಾಳಿ ನಡೆಯುತ್ತದೆ. ಎಲ್ಲರಿಗೂ ಗುಂಡಿನ ಸುರಿಮಳೆ ನೆನಪು. ನನಗೆ ನೆನಪಿರುವುದು ಅದು ನಿಂತ ಮೇಲಿನ ಕೆಲವು ಕ್ಷಣ. ನಳಿಗೆ ಕೆಂಡದಂತೆ ಕಾದು ಕೆಂಪಾಗಿದೆ. ನಾಯಕ ರಾಕಿ ಬಗ್ಗಿ ಆ ಕೆಂಪಿಗೆ ಸಿಗರೇಟು ತಾಗಿಸಿ ಹೊತ್ತಿಸಿಕೊಳ್ಳುತ್ತಾನೆ. ರಾಕಿಯಾಗಿ ಯಶ್ ಆ ಕೆಲಸವನ್ನು ಯಾವ ಅವಸರವೂ ಇಲ್ಲದೆ ಮಾಡುತ್ತಾರೆ. ಅಷ್ಟು ಹೊತ್ತು ಕಿವಿಗೆ ಬಡಿದ ಸದ್ದೆಲ್ಲ ಆ ಒಂದು ನಿಧಾನದಲ್ಲಿ ಬೆಲೆ ಪಡೆಯುತ್ತದೆ. ಇದೇ ಚಿತ್ರದ ಕಾರ್ ಚೇಸಿನಲ್ಲಿ ಪರದೆ ಮತ್ತೆ ಮತ್ತೆ ಕಪ್ಪಾಗಿ, ನಡುವೆ ಒಂದೊಂದು ತುಣುಕು ಮಿಂಚಿ ಹೋಗುತ್ತದೆ. ಉಜ್ವಲ್ ಕುಲಕರ್ಣಿ ಎಂಬ ತೀರಾ ಎಳೆಯ ಸಂಕಲನಕಾರನ ಕತ್ತರಿ ಅದು. ನನ್ನ ಕಣ್ಣಿಗೆ ಆ ಚೇಸು ಅತಿಯಾಯಿತು. ರಸ್ತೆ ಯಾವುದು, ಯಾರ ಹಿಂದೆ ಯಾರು ಎನ್ನುವುದೇ ಕೈತಪ್ಪಿತು. ಆದರೂ ಆ ಧೈರ್ಯ ಮೆಚ್ಚಿದೆ. ಎರಡೂ ಭಾಗಗಳ ಸಾಹಸಕ್ಕೆ ಅನ್ಬರಿವ್ ಜೋಡಿಗೆ ರಾಷ್ಟ್ರಪ್ರಶಸ್ತಿ ಸಿಕ್ಕಿದ್ದು ಸರಿಯಾಗಿಯೇ ಇದೆ.

ನನ್ನ ತಕರಾರು ‘ಕೆಜಿಎಫ್’ ಜೊತೆಗಲ್ಲ, ಅದರ ನೆರಳಿನ ಜೊತೆ. ಆಮೇಲೆ ಬಂದ ಎಷ್ಟೋ ಚಿತ್ರಗಳಲ್ಲಿ ಗಣಿಯಿಲ್ಲ, ಮಸಿ ಮಾತ್ರ ಇದೆ. ಎಲ್ಲವೂ ಒಂದು ಗೋಡೌನಿನಲ್ಲಿ ನಡೆಯುತ್ತದೆ. ಆ ಗೋಡೌನ್ ಯಾವ ಊರಿನದು, ಅದರಲ್ಲಿ ಏನು ತುಂಬಿಟ್ಟಿದ್ದರು, ಯಾರಿಗೂ ಗೊತ್ತಿಲ್ಲ. ಡ್ರಮ್ಮಿನಲ್ಲಿ ಬೆಂಕಿ, ಮೇಲಿಂದ ಕಿಡಿ, ಗಡ್ಡದವರ ಗುಂಪು. ಹೀರೋ ನಡೆದು ಬರುವುದಕ್ಕೆ ಎರಡು ನಿಮಿಷ, ಅವನ ಬಗ್ಗೆ ಇನ್ನೊಬ್ಬರು ಭಾಷಣ ಬಿಗಿಯುವುದಕ್ಕೆ ಮೂರು ನಿಮಿಷ. ಇಂಥ ಕಡೆ ಪ್ರಾಣ ಹೋದರೂ ಯಾರ ಪ್ರಾಣ ಹೋಯಿತು ಅನ್ನಿಸುವುದಿಲ್ಲ, ಏಕೆಂದರೆ ಅಲ್ಲಿ ಯಾರೂ ಬದುಕಿರಲೇ ಇಲ್ಲ. ಫೈಟ್ ಮಾಸ್ಟರ್‌ಗಳ ಕಸುಬಿನಲ್ಲಿ ಕೊರತೆಯಿಲ್ಲ. ಬರೆಯುವಾಗಲೇ ಊರು ಬಿಟ್ಟುಹೋಗಿರುತ್ತದೆ.

ಬೆಂಗಳೂರನ್ನು ಚೆನ್ನಾಗಿ ಬಳಸಿಕೊಂಡವರು ಥ್ರಿಲ್ಲರ್ ತೆಗೆದವರು. ಪವನ್ ಕುಮಾರ್ ಅವರ ‘ಯೂ ಟರ್ನ್’ 2016ರಲ್ಲಿ ಬಂತು. ಡಬಲ್ ರೋಡ್ ಫ್ಲೈಓವರ್ ಮೇಲೆ ಬೈಕಿನವರು ಡಿವೈಡರ್ ಕಲ್ಲು ಸರಿಸಿ ಅಡ್ಡದಾರಿಯಲ್ಲಿ ತಿರುಗುತ್ತಾರೆ, ಸರಿಸಿದ ಕಲ್ಲನ್ನು ಅಲ್ಲೇ ರಸ್ತೆಯಲ್ಲಿ ಬಿಟ್ಟು ಹೋಗುತ್ತಾರೆ. ಇಷ್ಟೇ ಅದರ ಬೀಜ. ಅಲ್ಲೇ ಕೂತಿರುವ ಮನೆಯಿಲ್ಲದ ಒಬ್ಬ ಮನುಷ್ಯ ಗಾಡಿ ನಂಬರುಗಳನ್ನು ಬರೆದುಕೊಳ್ಳುತ್ತಾನೆ, ಶ್ರದ್ಧಾ ಶ್ರೀನಾಥ್ ಮಾಡಿದ ಪತ್ರಕರ್ತೆ ಹುಡುಗಿ ಆ ನಂಬರು ಹಿಡಿದು ಹೊರಡುತ್ತಾಳೆ. ಹೀರೋ ಫೈಟ್ ಒಂದೂ ಇಲ್ಲದೆ ಊರಿಗೆ ಊರೇ ಬೆಚ್ಚಿತು. ದಿನಾ ನೂರಾರು ಜನ ಮಾಡುವ ಸಣ್ಣ ಬೇಜವಾಬ್ದಾರಿ ಅದು, ಯಾರೂ ಅದನ್ನು ಅಪರಾಧ ಎಂದುಕೊಂಡಿರಲಿಲ್ಲ. ಈಗಲೂ ಆ ಫ್ಲೈಓವರ್ ಏರಿದರೆ ನನ್ನ ಕಣ್ಣು ಮೊದಲು ಡಿವೈಡರಿನ ಮೇಲೆ ಬೀಳುತ್ತದೆ. ಒಂದು ಚಿತ್ರ ನೋಡುವವನ ದಾರಿಯನ್ನೇ ಹೀಗೆ ಬದಲಿಸುವುದು ಅಪರೂಪ.

ಮೂರು ವರ್ಷದ ನಂತರ ಬಂದ ಹೇಮಂತ್ ರಾವ್ ಅವರ ‘ಕವಲುದಾರಿ’ ಇನ್ನೂ ಆಳಕ್ಕೆ ಅಗೆಯಿತು, ಅಕ್ಷರಶಃ. ಮೆಟ್ರೊ ಕಾಮಗಾರಿಯ ಗುಂಡಿಯಲ್ಲಿ ಮೂಳೆಗಳು ಸಿಗುತ್ತವೆ. ಅದರ ಬೆನ್ನು ಹತ್ತುವವನು ಕ್ರೈಂ ಬ್ರಾಂಚಿನವನಲ್ಲ, ಧೂಳು ಕುಡಿಯುತ್ತ ಸಿಗ್ನಲಿನಲ್ಲಿ ನಿಲ್ಲುವ ಟ್ರಾಫಿಕ್ ಪೊಲೀಸ್. ರಿಷಿ ಆ ಪಾತ್ರವನ್ನು ಹಸಿವಿನಿಂದ ಮಾಡಿದ್ದಾರೆ. ಜೊತೆಗೆ ನಿವೃತ್ತ ಅಧಿಕಾರಿ ಮುತ್ತಣ್ಣನಾಗಿ ಅನಂತ್ ನಾಗ್. ಹಳೆಯ ಕೇಸು ಅವರ ಮುಖದಲ್ಲೇ ಕುಳಿತಂತಿದೆ. ಅವರು ಬಾಗಿಲು ತೆಗೆದು ಹುಡುಗನನ್ನು ಮೇಲಿಂದ ಕೆಳಗೆ ನೋಡುವ ನೋಟಕ್ಕೆ ನಾನು ಹತ್ತು ಹೊಡೆದಾಟ ಬಿಟ್ಟುಕೊಡುತ್ತೇನೆ. ಇದೇ ಅನಂತ್ ನಾಗ್ 1993ರ ‘ನಿಷ್ಕರ್ಷ’ದಲ್ಲೂ ಪೊಲೀಸ್. ಉಗ್ರರು ಬ್ಯಾಂಕಿನೊಳಗೆ ಜನರನ್ನು ಒತ್ತೆ ಇಟ್ಟುಕೊಂಡಿರುತ್ತಾರೆ, ವಿಷ್ಣುವರ್ಧನ್ ಕಮಾಂಡೊ ಆಗಿ ಬರುತ್ತಾರೆ. ಸುನಿಲ್ ಕುಮಾರ್ ದೇಸಾಯಿ ನಮ್ಮನ್ನು ಆ ಕಟ್ಟಡದೊಳಗೇ ಕೂಡಿಹಾಕಿ, ಮೆಟ್ಟಿಲು ಎಲ್ಲಿ, ಬಾಗಿಲು ಎಲ್ಲಿ ಎಂದು ಮನಸ್ಸಿನಲ್ಲೇ ನಕ್ಷೆ ಬರೆದುಕೊಳ್ಳುವಂತೆ ಮಾಡಿದ್ದರು. ಅದಕ್ಕೂ ಮೊದಲು 1989ರಲ್ಲಿ ಅವರು ತೆಗೆದ ‘ತರ್ಕ’ದಲ್ಲಿ ಹಾಡೇ ಇರಲಿಲ್ಲ. ಈಗ ಹಾಡಿಲ್ಲದ ಥ್ರಿಲ್ಲರ್ ಎಂದು ಪೋಸ್ಟರಿನಲ್ಲಿ ಹೆಮ್ಮೆಯಿಂದ ಹಾಕಿಕೊಳ್ಳುವವರು ದೇಸಾಯಿಯವರಿಗೆ ಒಂದು ನಮಸ್ಕಾರ ಹೇಳಬೇಕು.

‘ಮ್ಯಾಕ್ಸ್’ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. 2024ರ ಕ್ರಿಸ್‌ಮಸ್‌ಗೆ ಬಂದ ಸುದೀಪ್ ಚಿತ್ರ, ಒಂದೇ ರಾತ್ರಿಯ ಕಥೆ. ಮಂತ್ರಿಗಳ ಮಕ್ಕಳು ಠಾಣೆಯಲ್ಲೇ ಹೆಣವಾಗಿದ್ದಾರೆ, ಹೊರಗೆ ಗುಂಪು ಸೇರುತ್ತಿದೆ, ಒಳಗಿನ ಪೊಲೀಸರಿಗೆ ಬೆಳಗಾಗುವವರೆಗೆ ಉಳಿಯಬೇಕಿದೆ. ಠಾಣೆಯ ಗೋಡೆಗಳ ನಡುವೆ ಇರುವಷ್ಟು ಹೊತ್ತು ಉಸಿರು ಬಿಡಲು ಬಿಡುವುದಿಲ್ಲ. ಹೊರಗೆ ಬಂದು ಹರಡಿಕೊಂಡಾಗ ಅದೇ ಗೋಡೌನ್ ರೋಗ ಇಲ್ಲಿಗೂ ತಗುಲಿತು.

ಅದೇ ವರ್ಷದ ಫೆಬ್ರುವರಿಯಲ್ಲಿ ಸದ್ದಿಲ್ಲದೆ ಬಂದ ‘ಶಾಖಾಹಾರಿ’ ನನ್ನ ಮನಸ್ಸಿಗೆ ಹೆಚ್ಚು ಹತ್ತಿರ. ಸಂದೀಪ್ ಸುಂಕದ ನಿರ್ದೇಶನ. ಮಲೆನಾಡಿನ ಒಂದು ಸಣ್ಣ ಸಸ್ಯಾಹಾರಿ ಹೋಟೆಲು, ಅದರ ಮಾಲೀಕ ಸುಬ್ಬಣ್ಣ. ಪೊಲೀಸರಿಂದ ತಪ್ಪಿಸಿಕೊಂಡ ಒಬ್ಬ ಹುಡುಗ ಆ ಹೋಟೆಲಿನೊಳಗೆ ಬಂದು ಸೇರಿಕೊಳ್ಳುತ್ತಾನೆ. ಇದಕ್ಕಿಂತ ಮುಂದೆ ಹೇಳಿದರೆ ನೋಡದವರಿಗೆ ಅನ್ಯಾಯ. ತರಕಾರಿ ಹೆಚ್ಚುವ, ಎಣ್ಣೆ ಕಾಯಿಸುವ, ಬೆಳಗಾದರೆ ಗಿರಾಕಿಗಳು ಬಂದು ಕೂರುವ ಆ ಪರಿಚಿತ ಅಡುಗೆಮನೆ ಹೊತ್ತು ಕಳೆದಂತೆ ನೋಡಲಾಗದ ಜಾಗವಾಗುತ್ತ ಹೋಗುತ್ತದೆ. ರಂಗಾಯಣ ರಘು ಸುಬ್ಬಣ್ಣನಾಗಿ ಬೆವರು ಒರೆಸಿಕೊಳ್ಳುತ್ತ, ಗಿರಾಕಿಯ ಮುಂದೆ ಎಂದಿನಂತೆ ಇರಲು ಒದ್ದಾಡುತ್ತಾರೆ. ಅಬ್ಬರಕ್ಕೆ ಹೆಸರಾದ ನಟ ಇಲ್ಲಿ ದನಿ ಏರಿಸುವುದೇ ಅಪರೂಪ. ಕೇಸು ಹಿಡಿದು ಬರುವ ಇನ್‌ಸ್ಪೆಕ್ಟರ್ ಗೋಪಾಲಕೃಷ್ಣ ದೇಶಪಾಂಡೆ. ‘ಗರುಡ ಗಮನ ವೃಷಭ ವಾಹನ’ದಲ್ಲಿ ಶಿವನ ಮಂಗಳೂರಿಗೆ ಬಂದು ಸಿಕ್ಕಿಹಾಕಿಕೊಳ್ಳುವ ಪೊಲೀಸ್ ಕೂಡ ಇವರೇ. ಅಧಿಕಾರವಿದ್ದೂ ಕೈಲಾಗದ ಮನುಷ್ಯನನ್ನು ಈಗ ಕನ್ನಡದಲ್ಲಿ ಇವರಷ್ಟು ಚೆನ್ನಾಗಿ ಯಾರೂ ಮಾಡುತ್ತಿಲ್ಲ.

‘ಕಾಂತಾರ’ದ ಕೊನೆಯ ಹೋರಾಟವನ್ನು ನಾನು ಫೈಟ್ ಎಂದು ಕರೆಯಲು ಹಿಂಜರಿಯುತ್ತೇನೆ, ಆದರೂ ಸಾಹಸ ನಿರ್ದೇಶಕ ವಿಕ್ರಂ ಮೋರ್ ಕೈಕೆಲಸದ ಬಗ್ಗೆ ಹೇಳದಿರಲಾರೆ. ರಿಷಬ್ ಶೆಟ್ಟಿ ತಮ್ಮದೇ ಊರು ಕೆರಾಡಿಯ ಕಾಡಿನಲ್ಲಿ ತೆಗೆದ ಚಿತ್ರ. ಇಲ್ಲಿಯ ನಾಯಕನೂ ಶಿವ, ಅವನು ನೆಲಕ್ಕೆ ಬಿದ್ದು ಎಲ್ಲ ಮುಗಿಯಿತು ಅನ್ನಿಸಿದ ಮೇಲೆ ಗುಳಿಗ ದೈವ ಅವನ ಮೈಮೇಲೆ ಬರುತ್ತದೆ. ಆ ಒಂದು ಕೂಗಿಗೆ ಥಿಯೇಟರಿನ ಶಿಳ್ಳೆಗಳು ನಿಂತುಹೋದವು. ಹೊಡೆತದ ಸರದಿ, ಪಟ್ಟು, ವರಸೆ ಯಾವುದೂ ಮನುಷ್ಯರ ಲೆಕ್ಕದಲ್ಲಿ ಇರಲಿಲ್ಲ. ನಂಬಿಕೆಯ ವಿಷಯವನ್ನು ಮಾಸ್ ಸೀನಿಗೆ ಬಳಸಬಹುದೇ ಎಂಬ ಚರ್ಚೆ ಆಗ ನಡೆಯಿತು, ನಡೆಯಬೇಕಾದದ್ದೇ. ನನ್ನ ಮಟ್ಟಿಗೆ ಆ ಚಿತ್ರ ಗೌರವದ ಗೆರೆ ದಾಟಲಿಲ್ಲ.

ಮೈನವಿರೇಳಿಸುವ ದೃಶ್ಯಗಳ ಬಗ್ಗೆ ಇಷ್ಟು ಪ್ರೀತಿಯಿಂದ ಬರೆಯುವಾಗ 2016ರ ನವೆಂಬರ್ 7 ನೆನಪಾಗದೆ ಇರುವುದಿಲ್ಲ. ಅಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಹೆಲಿಕಾಪ್ಟರಿನಿಂದ ನೀರಿಗೆ ಜಿಗಿಯುವ ದೃಶ್ಯದ ಚಿತ್ರೀಕರಣದಲ್ಲಿ ಅನಿಲ್ ಮತ್ತು ಉದಯ್ ಎಂಬ ಇಬ್ಬರು ನಟರು ಮುಳುಗಿ ತೀರಿಕೊಂಡರು. ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ಆ ದೃಶ್ಯಗಳನ್ನು ಟಿವಿಯಲ್ಲಿ ಕಂಡ ಯಾವ ಅಭಿಮಾನಿಯೂ ‘ನಿಜವಾಗಿ ಜಿಗಿದರಂತೆ’ ಎನ್ನುವ ಮಾತನ್ನು ಹೊಗಳಿಕೆಯಾಗಿ ಆಡಲಾರ. ನನಗಂತೂ ಅಂಥ ನಿಜ ಬೇಡ. ಹಗ್ಗ ಕಾಣಿಸಿದರೂ ಸರಿ, ಗ್ರಾಫಿಕ್ಸ್ ಗೊತ್ತಾದರೂ ಸರಿ, ಬಿದ್ದವನು ಎದ್ದು ಮನೆಗೆ ಹೋಗಲಿ.

ಇನ್ನು ನನ್ನದೊಂದು ಆಸೆ. ಮೇಲೆ ಹೇಳಿದ ಹೊಸ ಚಿತ್ರಗಳೆಲ್ಲ ಹೆಚ್ಚುಕಡಿಮೆ ಕರಾವಳಿ, ಮಲೆನಾಡು, ಕೋಲಾರ, ಬೆಂಗಳೂರು. ನಾನು ಹುಟ್ಟಿದ್ದು ಜಮಖಂಡಿ ಕಡೆ. ನಮ್ಮ ಭಾಗದ ಮಾತು ಸಿನಿಮಾಕ್ಕೆ ಬಂದರೆ ಬಹುತೇಕ ನಗಿಸಲಿಕ್ಕೆ ಬರುತ್ತದೆ, ಹೆದರಿಸಲಿಕ್ಕೆ ಬಂದದ್ದು ಕಡಿಮೆ. ನಮ್ಮ ಕಡೆಯ ಕಬ್ಬಿನ ಹೊಲವನ್ನು ಒಳಹೊಕ್ಕು ನೋಡಿದವರಿಗೆ ಗೊತ್ತು, ಆಳೆತ್ತರ ಮೀರಿದ ಬೆಳೆಯಲ್ಲಿ ಮೂರು ಮಾರು ಮುಂದೆ ಯಾರಿದ್ದಾರೆ ಎಂದು ಹಗಲಲ್ಲೂ ಕಾಣುವುದಿಲ್ಲ. ರವದಿಯ, ಅಂದರೆ ಕಬ್ಬಿನ ಒಣಗಿದ ಎಲೆಗಳ ಮೇಲೆ ಕಾಲಿಟ್ಟರೆ ಚರಚರ ಸದ್ದು, ಆದ್ದರಿಂದ ಓಡುವವನೂ ಅಟ್ಟಿಸಿಕೊಂಡು ಬರುವವನೂ ನಿಂತು ನಿಂತು ಕಿವಿಗೊಡಬೇಕು. ಎಲೆಯ ಅಂಚು ತೋಳು ಕೊಯ್ಯುತ್ತದೆ. ರಸ್ತೆಯಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಜೋರಾಗಿ ಹಾಡು ಹಚ್ಚಿಕೊಂಡು ಕಾರ್ಖಾನೆಯ ಕಡೆ ಹೋಗುತ್ತಿರುತ್ತವೆ, ಆ ಹಾಡು ಹತ್ತಿರ ಬಂದರೆ ಹೊಲದೊಳಗಿನ ಸದ್ದು ಮುಚ್ಚಿಹೋಗುತ್ತದೆ, ಹಾಡು ದೂರವಾದರೆ ಮತ್ತೆ ಕೇಳಿಸುತ್ತದೆ. ಒಂದು ಚೇಸಿಗೆ ಬೇಕಾದದ್ದೆಲ್ಲ ಅಲ್ಲಿದೆ, ಪ್ರತ್ಯೇಕ ಬಿಜಿಎಂ ಕೂಡ ಬೇಕಿಲ್ಲ. ನಮ್ಮ ಕಡೆಯ ಹುಡುಗರು ಈಗ ಕಿರುಚಿತ್ರಗಳನ್ನು ತೆಗೆಯುತ್ತಿದ್ದಾರೆ, ಅವರಲ್ಲಿ ಯಾರಾದರೂ ಇದನ್ನು ಕೈಗೆತ್ತಿಕೊಂಡರೆ ಯಾವ ಹೊಲದಲ್ಲಿ ತೆಗೆಯಬಹುದು ಎಂದು ತೋರಿಸಲು ನಾನೇ ಬರುತ್ತೇನೆ.