ಮಾಪಕದ ಮೇಲೆ ಬಿದ್ದ ಸೋಗೆ

ನಮ್ಮ ದೊಡ್ಡಪ್ಪನಿಗೆ ಮಳೆ ಬರೆದಿಡುವ ಹುಚ್ಚು. ಸಾಗರದ ಕಡೆಯ ತೋಟದ ಮನೆಗಳಲ್ಲಿ ಇದೇನು ಅಪರೂಪದ ಹುಚ್ಚಲ್ಲ. ಜಗಲಿಯ ಗೂಡಿನಲ್ಲಿ ಪಂಚಾಂಗದ ಪಕ್ಕ ಒಂದು ಮಳೆಪುಸ್ತಕ, ಅಂಗಳದ ಮೂಲೆಯಲ್ಲಿ ಒಂದು ಮಳೆಮಾಪಕ. ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ ಕೊಡೆ ಹಿಡಿದು ಹೋಗಿ, ನೀರನ್ನು ಅಳತೆಯ ಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿ, ಒಳಗೆ ಬಂದು ಬರೆಯುವವರೆಗೆ ಅವರು ದೋಸೆ ಮುಟ್ಟುವವರಲ್ಲ. ದೋಸೆ ತಣ್ಣಗಾಗುತ್ತದೆ ಎಂದು ದೊಡ್ಡಮ್ಮ ಒಳಗಿಂದ ಹೇಳುವುದು, ಇವರು ಹೂಂ ಅನ್ನುವುದು, ಎರಡೂ ನಲವತ್ತು ವರ್ಷದಿಂದ ನಡೆದುಬಂದದ್ದು.

ಆ ಪುಸ್ತಕದ ಎಡಗಡೆ ಪುಟ ಮಳೆಗೆ. ಬಲಗಡೆಯದು ಹೆಚ್ಚುಕಮ್ಮಿ ಖಾಲಿ. ಕೊಳೆಗೆ ಔಷಧಿ ಹೊಡೆದದ್ದು, ಎಮ್ಮೆ ಕರು ಹಾಕಿದ್ದು, ಇಂಥದ್ದೇನಾದರೂ ಇದ್ದರೆ ಒಂದು ಸಾಲು. ಕೊರೊನಾ ಬಂದ ಮೇಲೆ ಆ ಬಲಪುಟ ತುಂಬತೊಡಗಿತು.

ನಾನು ಆಗ ಬೆಂಗಳೂರಿನ ಬಾಡಿಗೆ ಮನೆಗೆ ಬೀಗ ಹಾಕಿ ಊರಿಗೆ ಬಂದವನು ಅಲ್ಲೇ ಉಳಿದಿದ್ದೆ. ಯಾವ ವಾರ ಬಂದೆ, ಬಸ್ಸಿನಲ್ಲೋ ಗೆಳೆಯನ ಕಾರಿನಲ್ಲೋ ಎಂಬುದು ಈಗ ಮಸುಕು. ಮನೆಯಲ್ಲಿ ಫೋನಿಗೆ ಸಿಗ್ನಲ್ ಸಿಗುತ್ತಿರಲಿಲ್ಲ. ತೋಟದ ಮೇಲಿನ ಸೊಪ್ಪಿನ ಬೆಟ್ಟ ಹತ್ತಿ, ನೇರಳೆ ಮರದ ಬುಡದ ಅರೆಕಲ್ಲಿನ ಮೇಲೆ ನಿಂತರೆ ಎರಡು ಕಡ್ಡಿ ಬರುತ್ತಿತ್ತು. ಊರಿನ ಮಕ್ಕಳ ಆನ್‌ಲೈನ್ ಪಾಠವೂ ಅಲ್ಲೇ, ನನ್ನ ಆಫೀಸೂ ಅಲ್ಲೇ. ಸಂಜೆ ಆರೋಗ್ಯ ಇಲಾಖೆಯ ಬುಲೆಟಿನ್ ಬರುವ ಹೊತ್ತಿಗೆ ನಾನು ಬೆಟ್ಟ ಹತ್ತಬೇಕು, ಅದನ್ನು ಫೋನಿಗೆ ಇಳಿಸಿಕೊಂಡು ಕೆಳಗೆ ಬರಬೇಕು. ಇದು ದೊಡ್ಡಪ್ಪ ನನಗೆ ಹಚ್ಚಿದ ಕೆಲಸ.

ಜಗಲಿಯಲ್ಲಿ ಕಾಯುತ್ತಿದ್ದವರು ಇಬ್ಬರು. ದೊಡ್ಡಪ್ಪ, ಮತ್ತೆ ಕೆಳಮನೆ ಅಜ್ಜ. ಅಜ್ಜನಿಗೆ ಎಂಬತ್ತು ದಾಟಿತ್ತು. ಕವಳದ ಹರಿವಾಣ ಪಕ್ಕಕ್ಕಿಟ್ಟುಕೊಂಡು, ಅಡಿಕೆಯನ್ನು ಅಡಕತ್ತರಿಯಲ್ಲಿ ಎಷ್ಟು ತೆಳ್ಳಗೆ ಹೆರೆಯುತ್ತಿದ್ದರು ಅಂದರೆ ಊದಿದರೆ ಹಾರಬೇಕು. ಅವರದು ಯಾವಾಗಲೂ ಒಂದೇ ಪ್ರಶ್ನೆ. "ನಮ್ಮ ಜಿಲ್ಲೆಗೆ ಎಷ್ಟಾ ತಮಾ?"

ಮೊದಲ ವರ್ಷದ ಆ ಬುಲೆಟಿನ್ ನೆನಪಿದೆಯೇ ನಿಮಗೆ? ಒಬ್ಬೊಬ್ಬರಿಗೂ ಒಂದು ನಂಬರು, ಪಿ-1, ಪಿ-2 ಎಂದು. ಪಕ್ಕದಲ್ಲಿ ವಯಸ್ಸು, ಗಂಡಸೋ ಹೆಂಗಸೋ, ಊರು, ಯಾವ ನಂಬರಿನವರ ಸಂಪರ್ಕ. ದೇಶದಲ್ಲೇ ಈ ಕಾಯಿಲೆಯಿಂದ ಆದ ಮೊದಲ ಸಾವು ನಮ್ಮ ಕಲಬುರಗಿಯದು, 2020ರ ಮಾರ್ಚ್‌ನಲ್ಲಿ. ಆಮೇಲೆ ನಂಜನಗೂಡಿನ ಔಷಧ ಕಾರ್ಖಾನೆಯ ಗುಂಪು. ದೊಡ್ಡಪ್ಪ ಅದನ್ನು ವಂಶವೃಕ್ಷದ ಹಾಗೆ ಗೀಟು ಎಳೆದು ಬರೆದಿದ್ದರು, ಇವರಿಂದ ಇವರಿಗೆ, ಇವರಿಂದ ಆ ಮೂವರಿಗೆ ಅಂತ. ಶಿವಮೊಗ್ಗದ ಎದುರು ಮಾತ್ರ ದಿನವೂ ಸೊನ್ನೆ. ಅಜ್ಜ ಸಮಾಧಾನದಿಂದ ಕವಳ ಹಾಕುತ್ತಿದ್ದರು. ಮೇ ತಿಂಗಳಲ್ಲಿ ಒಂದು ದಿನ ಒಂದೇ ಸಲಕ್ಕೆ 8 ಬಂತು. ಆ ಸಂಜೆ ಅಜ್ಜ ಎಲೆಗೆ ಸುಣ್ಣ ಹಚ್ಚಿದವರು ಹಾಗೇ ಮಡಚಿ ಹರಿವಾಣದಲ್ಲಿಟ್ಟು ಎದ್ದು ಹೋದರು.

ಲೆಕ್ಕ ಇಡುವ ಅಭ್ಯಾಸ ನಮ್ಮ ಸೀಮೆಗೆ ಹೊಸದಲ್ಲ, ಅದನ್ನೊಂದು ಹೇಳಿಬಿಡುತ್ತೇನೆ. ಮಂಗನ ಕಾಯಿಲೆ ಗೊತ್ತಾದದ್ದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಉಣುಗಿನಿಂದ ಬರುವ ಜ್ವರ ಅದು. ಮನುಷ್ಯರಿಗಿಂತ ಮೊದಲು ಮಂಗ, ಮುಸಿಯ ಸಾಯುತ್ತವೆ. ಹಾಗಾಗಿ ಕಾಡಿನ ಅಂಚಿನವರಿಗೆ ಸತ್ತ ಮಂಗ ಅಂದರೆ ಬರೀ ಸತ್ತ ಪ್ರಾಣಿಯಲ್ಲ, ಬರಲಿರುವ ಜ್ವರದ ಸುದ್ದಿ. ದರಕು ಗುಡಿಸಲು ಹೋದ ಹೆಂಗಸರು ವಾಸನೆ ಬಂತೆಂದರೆ ಆಸ್ಪತ್ರೆಗೆ ತಿಳಿಸುತ್ತಾರೆ, ಅಲ್ಲಿಂದ ಬಂದು ಸುತ್ತ ಪುಡಿ ಹಾಕಿ ಹೋಗುತ್ತಾರೆ, ಮೈಗೆ ಹಚ್ಚಿಕೊಳ್ಳುವ ಎಣ್ಣೆ ಹಂಚುತ್ತಾರೆ. ಯಾರೂ ತಿಳಿಸದ ವರ್ಷ ಮಂಗ ಸತ್ತಿಲ್ಲ ಅಂತಲ್ಲ, ಆ ಕಡೆ ದರಕಿಗೆ ಯಾರೂ ಹೋಗಲಿಲ್ಲ ಅಂತಲೂ ಇರಬಹುದು. ದೊಡ್ಡಪ್ಪನ ತಲೆಯಲ್ಲಿ ಇದು ಮೊದಲಿನಿಂದ ಕೂತಿತ್ತು.

ಮಳೆ ಬರೆದ ಕೈ ಆದ್ದರಿಂದ ಅವರಿಗೆ ಇನ್ನೊಂದೂ ಸಲೀಸಾಗಿ ತಿಳಿಯಿತು. ಇವತ್ತು ಬೆಳಿಗ್ಗೆ ಅಳೆದು ಇವತ್ತಿನ ತಾರೀಕಿಗೆ ಬರೆಯುವ ಮಳೆ ಬಿದ್ದದ್ದು ಹೆಚ್ಚಿನಂಶ ನಿನ್ನೆ. ಬುಲೆಟಿನ್ನೂ ಹಾಗೇ. ಗಂಟಲ ದ್ರವ ಕೊಟ್ಟದ್ದು ಎರಡು ಮೂರು ದಿನ ಹಿಂದೆ, ಕಾಯಿಲೆ ಹತ್ತಿದ್ದು ಅದಕ್ಕೂ ಹಿಂದೆ. ಸಾವಿನ ಪಟ್ಟಿಯಲ್ಲಂತೂ ಆಸ್ಪತ್ರೆಗೆ ಸೇರಿದ ತಾರೀಕು, ತೀರಿಕೊಂಡ ತಾರೀಕು ಎರಡೂ ಇರುತ್ತಿದ್ದವು. ಟಿವಿಯವರು ಇಂದು ಇಷ್ಟು ಬಲಿ ಎಂದು ಕೂಗುತ್ತಿದ್ದಾಗ ದೊಡ್ಡಪ್ಪ ಕನ್ನಡಕ ಮೂಗಿಗೆ ಇಳಿಸಿಕೊಂಡು, ಒಂದೊಂದು ಜೀವವನ್ನೂ ಅದು ಹೋದ ದಿನಕ್ಕೇ ತೆಗೆದುಕೊಂಡು ಹೋಗಿ ಬರೆಯುತ್ತಿದ್ದರು. ಹಳೆಯ ಪುಟಗಳಿಗೆ ಮರಳಿ ಮರಳಿ ಹೋಗಿ ಅಂಕಿ ತಿದ್ದುವುದು. ಆ ಪುಟಗಳಲ್ಲಿ ಈಗಲೂ ಹೊಡೆದುಹಾಕಿದ ಅಂಕಿಗಳ ಮೇಲೆ ಅಂಕಿ ಇದೆ. ನಾನು ಒಮ್ಮೆ, ಇಷ್ಟೆಲ್ಲ ಯಾಕೆ ದೊಡ್ಡಪ್ಪಾ ಅಂದೆ. "ಸತ್ತವ್ರಿಗೆ ತಿಥಿ ಅಂತ ಒಂದು ಇರ್ತದಲ್ಲೋ" ಅಂದರು.

ಆ ವರ್ಷದ ಕೊನೆಗೆ ಸರ್ಕಾರ ರಕ್ತ ಪರೀಕ್ಷೆಯ ಸಮೀಕ್ಷೆಯೊಂದರ ವಿವರ ಹೊರಗೆ ಬಿಟ್ಟಿತು. ಸೆಪ್ಟೆಂಬರ್ ಹೊತ್ತಿಗೆ ರಾಜ್ಯದಲ್ಲಿ ಸುಮಾರು 1.93 ಕೋಟಿ ಜನಕ್ಕೆ, ಅಂದರೆ ನೂರಕ್ಕೆ 27 ಮಂದಿಗೆ ಸೋಂಕು ಆಗಲೇ ತಗುಲಿರಬೇಕು ಎಂಬ ಅಂದಾಜು. ಪತ್ತೆಯಾದ ಒಬ್ಬರಿಗೆ ಪತ್ತೆಯಾಗದವರು ನಲವತ್ತರ ಸುಮಾರು. ನಾನು ಓದಿ ಹೇಳಿದಾಗ ಅಜ್ಜ ನಂಬಲಿಲ್ಲ. ದೊಡ್ಡಪ್ಪ ಅಂಗಳದ ಮಾಪಕದ ಕಡೆ ಕೈ ತೋರಿಸಿದರು. ಬೊಗಸೆಯಷ್ಟು ಬಾಯಿ ಅದಕ್ಕೆ. ಇಡೀ ತೋಟಕ್ಕೆ ಬಿದ್ದ ಮಳೆಯಲ್ಲಿ ಅದರೊಳಗೆ ಬಿದ್ದದ್ದು ಎಷ್ಟು?

ಎರಡನೆಯ ವರ್ಷದ್ದು ಬೇರೆಯೇ ಕಥೆ. 2021ರ ಮೇ 5ರ ಸಂಜೆ ಅರೆಕಲ್ಲಿನ ಮೇಲೆ ನಿಂತು ನೋಡಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ರಾಜ್ಯದಲ್ಲಿ ಒಂದೇ ದಿನಕ್ಕೆ 50,112. ಬೆಂಗಳೂರು ಒಂದಕ್ಕೇ 23,106. ನನ್ನ ಗೆಳೆಯರೆಲ್ಲ ಅಲ್ಲಿದ್ದರು. ಒಬ್ಬ ಹಾಸಿಗೆಗೆ, ಇನ್ನೊಬ್ಬ ಆಕ್ಸಿಜನ್‌ಗೆ ಅಲೆಯುತ್ತಿದ್ದ. ಬೆಟ್ಟ ಇಳಿಯುವಾಗ ಕಾಲು ನಡುಗಿತು. ದೊಡ್ಡಪ್ಪ ಅಂಕಿ ಬರೆದುಕೊಂಡವರು, "ಎಷ್ಟು ಜನಕ್ಕೆ ನೋಡಿದ್ರು?" ಅಂದರು. ಯಾವತ್ತೂ ಕೇಳುವುದೇ. 1,55,224 ಎಂದೆ. ಭಾಗಿಸಿ ನೂರಕ್ಕೆ 32 ಎಂದು ಪಕ್ಕದಲ್ಲಿ ಬರೆದು ಪುಸ್ತಕ ಮಡಚಿದರು. ಅಜ್ಜ ಆ ದಿನ ಜಗಲಿಗೆ ಬಂದಿದ್ದರೋ ಇಲ್ಲವೋ, ಎಷ್ಟು ಯೋಚಿಸಿದರೂ ನೆನಪಾಗುವುದಿಲ್ಲ. ಅದೇ ನನಗೆ ಬೇಸರ. ಯಾಕೆಂದರೆ ಅದಾಗಿ ಕೆಲವು ದಿನಕ್ಕೆ ಅವರು ಬರುವುದು ನಿಂತಿತು.

ನಿಂತದ್ದನ್ನು ಹಿಡಿದವರು ಆಶಕ್ಕ. ಆಶಾ ಎನ್ನುವುದು ಅವರ ಕೆಲಸ, ಹೆಸರು ಬೇರೆ. ಆದರೆ ಊರಿಗೆಲ್ಲ ಅವರು ಆಶಕ್ಕನೇ. ಕೊರಳಲ್ಲಿ ಗುರುತಿನ ಚೀಟಿ, ಕೈಚೀಲದಲ್ಲಿ ಆಕ್ಸಿಮೀಟರು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ನೋಟುಪುಸ್ತಕ. ಮನೆಮನೆಗೆ ಹೋಗಿ ಜ್ವರ ಇದೆಯಾ ಎಂದು ಕೇಳಬೇಕು. ಜನ ಇದ್ದರೂ ಇಲ್ಲ ಅನ್ನುತ್ತಿದ್ದರು. ಬಾಗಿಲಿಗೆ ಪಟ್ಟಿ ಕಟ್ಟುತ್ತಾರೆ, ಆಂಬುಲೆನ್ಸಿನಲ್ಲಿ ಕರೆದುಕೊಂಡು ಹೋಗುತ್ತಾರೆ ಎಂಬ ಹೆದರಿಕೆ. ಸುಳ್ಳು ಹೆದರಿಕೆಯೂ ಅಲ್ಲ ಅದು. ಆಶಕ್ಕ ಅದಕ್ಕೆ ತಮ್ಮದೇ ಉಪಾಯ ಕಂಡುಕೊಂಡಿದ್ದರು. ಬೆಳಿಗ್ಗೆ ಹಾಲಿನ ಡೈರಿಗೆ ಹೋಗಿ, ಯಾವ ಮನೆಯ ಹಾಲು ಬಂದಿಲ್ಲ ಎಂದು ನೋಡಿಕೊಂಡು ಬರುವುದು. ಕರೆಯುವ ಎಮ್ಮೆ ಕೊಟ್ಟಿಗೆಯಲ್ಲಿದ್ದು ಹಾಲು ಡೈರಿಗೆ ಬರಲಿಲ್ಲ ಅಂದರೆ ಆ ಮನೆಯಲ್ಲಿ ಏಳಲಾಗದವರು ಇದ್ದಾರೆ ಎಂದೇ ಲೆಕ್ಕ. ಯಾವ ಕಚೇರಿಯೂ ಇದನ್ನು ಅವರಿಗೆ ಹೇಳಿಕೊಟ್ಟದ್ದಲ್ಲ. ನಾನು ಆ ಎರಡು ವರ್ಷದಲ್ಲಿ ಎಷ್ಟೋ ನಕ್ಷೆ, ಎಷ್ಟೋ ಗ್ರಾಫು ನೋಡಿದೆ, ಡೈರಿಯ ಆ ಪುಸ್ತಕದಷ್ಟು ಬೇಗ ಕಾಯಿಲೆಯ ಸುಳಿವು ಕೊಟ್ಟದ್ದು ಯಾವುದನ್ನೂ ಕಾಣೆ.

ನಮ್ಮ ಜಗಲಿಯ ತುದಿಗೆ ಕೂತು ದೊಡ್ಡಮ್ಮ ಕೊಟ್ಟ ಕಷಾಯ ಕುಡಿಯುತ್ತ ಆಶಕ್ಕ ಹೇಳಿದರು: "ಕೆಳಮನೆ ಹಾಲು ಎರಡು ದಿನ ಆಯ್ತು, ಬರ್ಲಿಲ್ಲ." ಕಷಾಯಕ್ಕೆ ದೊಡ್ಡಮ್ಮ ಅಮೃತಬಳ್ಳಿ, ಕಾಳುಮೆಣಸು, ಜೊತೆಗೆ ಇನ್ನೇನೋ ಕಹಿ ಬೇರು ಹಾಕುತ್ತಿದ್ದರು. ಅದರ ಹೆಸರು ನಾನು ಕೇಳಿಟ್ಟುಕೊಳ್ಳಲಿಲ್ಲ. ಆಶಕ್ಕ ಅರ್ಧ ಲೋಟಕ್ಕೇ ಎದ್ದು ಕೆಳಮನೆಗೆ ಇಳಿದರು.

ಆ ವಾರವೇ ತೌಕ್ತೆ ಚಂಡಮಾರುತ. ಕಡಲಲ್ಲಿ ಎದ್ದದ್ದು ಘಟ್ಟದ ಮೇಲೂ ಬಡಿಯಿತು. ಹಲಸಿನ ಹಪ್ಪಳ ಮಾಡುವ ಕಾಲ. ಚಾಪೆ ಮೇಲೆ ಹರವಿದ್ದನ್ನು ದೊಡ್ಡಮ್ಮ, ನಾನು ಓಡಿ ಓಡಿ ಒಳಗೆ ತಂದೆವು. ಅರ್ಧಕ್ಕರ್ಧ ನೆನೆದು ಮುದ್ದೆಯಾಯಿತು. ಕರೆಂಟು ಹೋಯಿತು, ರಸ್ತೆಗೆ ಮರ ಬಿತ್ತು. ಸೋಮವಾರ ಬೆಳಿಗ್ಗೆ ದೊಡ್ಡಪ್ಪ ಮಾಪಕದ ಹತ್ತಿರ ಹೋದವರು ಅಲ್ಲೇ ನಿಂತುಬಿಟ್ಟರು. ರಾತ್ರಿಯ ಗಾಳಿಗೆ ಅಡಿಕೆ ಸೋಗೆಯೊಂದು ಬಿದ್ದು ಮಾಪಕದ ಬಾಯಿ ಮುಕ್ಕಾಲು ಮುಚ್ಚಿತ್ತು. ತೋಡು ಕೆಂಪಗೆ ತುಂಬಿ ಹರಿಯುತ್ತಿದೆ, ಗಾಜಿನಲ್ಲಿ ಮಾತ್ರ ಬೆರಳಗಲದ ನೀರು. ಅವರು ಆ ಅಳತೆಯನ್ನು ಇದ್ದ ಹಾಗೇ ಬರೆದರು, ಅಂದಾಜಿಗೆ ಹೆಚ್ಚಿಸಲಿಲ್ಲ. ಪಕ್ಕದಲ್ಲಿ ಎರಡೇ ಮಾತು: "ಸೋಗೆ ಬಿದ್ದಿತ್ತು."

ಅದೇ ಸಂಜೆ ನಾನು ಜಾರುವ ಬೆಟ್ಟ ಹತ್ತಿ ಬುಲೆಟಿನ್ ಇಳಿಸಿದೆ. 38,603. ಹನ್ನೆರಡು ದಿನದಲ್ಲಿ ಹನ್ನೊಂದು ಸಾವಿರಕ್ಕೂ ಮಿಕ್ಕಿ ಇಳಿದಿದೆ! ಅರೆಕಲ್ಲಿನ ಮೇಲಿದ್ದ ಹುಡುಗರಿಗೆ ಕೂಗಿ ಹೇಳಿದೆ, ಅವರು ಊರಿಗೆಲ್ಲ ಹೇಳಿಕೊಂಡು ಓಡಿದರು. ಜಗಲಿಗೆ ಬಂದಾಗ ಚಿಮಣಿ ಬುಡ್ಡಿಯ ಬೆಳಕಲ್ಲಿ ದೊಡ್ಡಪ್ಪ ಪೆನ್ನು ಹಿಡಿದು ಕೂತಿದ್ದರು. ಅದೇ ಪ್ರಶ್ನೆ ಕೇಳಿದರು. ಖುಷಿಯಲ್ಲಿ ನಾನು ಅದನ್ನು ನೋಡಿಯೇ ಇರಲಿಲ್ಲ. ಫೋನು ತೆರೆದು ಹುಡುಕಿದೆ. ಪರೀಕ್ಷೆ ಮಾಡಿದ್ದು 97,236.

ದೊಡ್ಡಪ್ಪ ನಿಧಾನಕ್ಕೆ ಭಾಗಿಸಿದರು. ಕ್ಯಾಲ್ಕುಲೇಟರು ಕೊಡಲು ಹೋದೆ, ಬೇಡ ಅಂದರು. ನೂರಕ್ಕೆ 39.7. ಅಂಕಿ ಇಳಿದಿತ್ತು, ನೂರಕ್ಕೆ ಸಿಗುವ ಪಾಲು ಏರಿತ್ತು. ನೋಡಿದ ನೂರು ಜನರಲ್ಲಿ ನಲವತ್ತು ಮಂದಿಗೆ ಇದೆ ಅಂದರೆ ನೋಡದೆ ಬಿಟ್ಟವರಲ್ಲಿ ಎಷ್ಟು ಮಂದಿಗೆ? ಹಿಂದಿನ ದಿನ ಭಾನುವಾರ, ಯಾವ ವಾರವೂ ಭಾನುವಾರದ ಪರೀಕ್ಷೆ ಕಡಿಮೆಯೇ. ಪ್ರಯೋಗಾಲಯಗಳು ತುಂಬಿ ತುಳುಕುತ್ತಿದ್ದವು, ಅಲ್ಲಿಯ ಸಿಬ್ಬಂದಿಗೂ ಸೋಂಕು. ಆರ್‌ಟಿಪಿಸಿಆರ್ ಪರೀಕ್ಷೆಗಳನ್ನು ಹಿತಮಿತವಾಗಿ ಬಳಸಿ ಎಂದು ಐಸಿಎಂಆರ್ ತಿಂಗಳ ಮೊದಲಲ್ಲೇ ಹೇಳಿತ್ತು. ಸುಳ್ಳು ಹೇಳಬೇಕೆಂದು ಯಾರೂ ಹೇಳಿದ್ದಲ್ಲ. ದೊಡ್ಡಪ್ಪ 38,603ರ ಪಕ್ಕ ಬೆಳಿಗ್ಗೆಯ ಮಾತನ್ನೇ ಮತ್ತೊಮ್ಮೆ ಬರೆದರು, ಕಾಲ ಮಾತ್ರ ಬದಲಿಸಿ: "ಸೋಗೆ ಬಿದ್ದಿದೆ."

ಹುಡುಗರನ್ನು ಕರೆದು ವಿಷಯ ತಿಳಿಸಲು ನಾನು ಮಳೆಯಲ್ಲೇ ಹೊರಟೆ. ಮರುದಿನ ಬೆಳಿಗ್ಗೆ, ಲಾಕ್‌ಡೌನಿನಲ್ಲಿ ಅಂಗಡಿ ತೆರೆಯುವ ಆರರಿಂದ ಹತ್ತರ ಹೊತ್ತಿನಲ್ಲಿ, ಇಳಿದಿದೆ ಎಂದುಕೊಂಡು ಮಾಸ್ಕಿಲ್ಲದೆ ನಾಲ್ಕು ಜನ ಸೇರಿದರೆ ಆ ಪಾಪ ನನ್ನದು ಅನ್ನಿಸಿತು.

ಕೆಳಮನೆ ಅಜ್ಜ ಆ ವಾರದ ಕೊನೆಗೆ ಮನೆಯಲ್ಲೇ ಹೋದರು. ಆಶಕ್ಕ ಆಕ್ಸಿಮೀಟರಿನಲ್ಲಿ ನೋಡಿ ಆಸ್ಪತ್ರೆಗೆ ಕರೆದೊಯ್ಯಿರಿ ಎಂದಿದ್ದರು. ರಸ್ತೆಯ ಮರ ಕಡಿದು ದಾರಿ ಮಾಡುವ ಹೊತ್ತಿಗೆ ಅಜ್ಜನೇ ಒಲ್ಲೆ ಎಂದರಂತೆ. ಗಂಟಲ ದ್ರವ ತೆಗೆದಿರಲಿಲ್ಲ. ಹಾಗಾಗಿ ಬುಲೆಟಿನ್ನಿನ ಸಾವಿನ ಪಟ್ಟಿಯಲ್ಲಿ ಅವರಿಲ್ಲ. ನಮ್ಮ ಜಿಲ್ಲೆಗೆ ಎಷ್ಟು ಎಂದು ದಿನವೂ ಕೇಳಿದವರು ಜಿಲ್ಲೆಯ ಲೆಕ್ಕಕ್ಕೇ ಸೇರಲಿಲ್ಲ.

ದೊಡ್ಡಪ್ಪ ಹದಿಮೂರು ಕಳೆಯುವ ಮೊದಲೇ ಕೆಳಮನೆಯ ಮಗನನ್ನು ಅಂಗಳದಾಚೆ ನಿಲ್ಲಿಸಿಕೊಂಡು, ಸಾವಿನ ನೋಂದಣಿ ಮಾಡಿಸು, ಇಪ್ಪತ್ತೊಂದು ದಿನ ಮೀರಿಸಬೇಡ ಎಂದು ಹೇಳಿದರು. ಅವನು ಅಳುತ್ತಿದ್ದ. ಈಗ ಇದೆಲ್ಲ ಯಾಕೆ ಎಂದ. ದೊಡ್ಡಪ್ಪ ಬಿಡಲಿಲ್ಲ, ತಾವೇ ಅರ್ಜಿ ಬರೆದುಕೊಟ್ಟರು. ಮಾರನೆಯ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಭಾರತದಲ್ಲಿ ಆ ಎರಡು ವರ್ಷ ಮಾಮೂಲಿಗಿಂತ 47 ಲಕ್ಷ ಸಾವು ಹೆಚ್ಚಾಗಿರಬಹುದು ಎಂದು ಅಂದಾಜು ಹೇಳಿತು. ಸರ್ಕಾರದ ಕೊರೊನಾ ಲೆಕ್ಕ ಐದು ಲಕ್ಷದ ಒಳಗೆ. ಕೇಂದ್ರ ಸರ್ಕಾರ ಆ ಅಂದಾಜಿನ ವಿಧಾನವನ್ನೇ ಒಪ್ಪಲಿಲ್ಲ. ದೊಡ್ಡ ದೊಡ್ಡವರು ವಾದ ಮಾಡಿದರು. ಆದರೆ ಯಾವ ವಾದಕ್ಕೂ ಕೊನೆಗೆ ಬೇಕಾದದ್ದು ಹಳ್ಳಿ ಹಳ್ಳಿಯ ಆ ನೋಂದಣಿ ಪುಸ್ತಕವೇ. ಅಜ್ಜನ ಹೆಸರು ಅದರಲ್ಲಿ ಇದೆ ಎಂಬುದು ನನಗೆ ಇವತ್ತಿಗೂ ದೊಡ್ಡ ಸಮಾಧಾನ.

ಹೋದ ಮಳೆಗಾಲದಲ್ಲಿ ಊರಿಗೆ ಹೋದಾಗ ದೊಡ್ಡಪ್ಪನ ಆ ಮಳೆಪುಸ್ತಕ ತೆಗೆದು ನೋಡಿದೆ. ಬಲಪುಟದ ಅಂಕಿಗಳು ಜೂನ್‌ವರೆಗೂ ಇವೆ. ಒಂದು ದಿನ ಮಾತ್ರ ಅಂಕಿ ಇಲ್ಲ. ನಾನು ಬೆಟ್ಟ ಹತ್ತಿ ತಂದಿರಲೇಬೇಕು, ಅವರೇ ಬರೆದಿಲ್ಲ. ಆ ಜಾಗದಲ್ಲಿ ದೊಡ್ಡಪ್ಪನ ಗುಂಡನೆಯ ಅಕ್ಷರದಲ್ಲಿ ಒಂದು ಸಾಲಿದೆ.

"ಕೆಳಮನೆ ಹಾಲು ಡೈರಿಗೆ ಬಂತು. ಎರಡೂವರೆ ಲೀಟರು."