ವೈ.ಸಿ.ಎಸ್. ಲೀಡರ್ ಅಂದ್ರೆ ಎಂತ ಕೆಲಸ?

ಕಾನ್ವೆಂಟ್ ಶಾಲೆ ಅಂದ ಕೂಡಲೇ ಸುಮಾರು ಜನರಿಗೆ ನೆನಪಾಗುವುದು ಇಸ್ತ್ರಿ ಹಾಕಿದ ಯೂನಿಫಾರ್ಮು, ಕನ್ನಡ ಮಾತಾಡಿದ್ರೆ ಫೈನು, ಬೆತ್ತ ಹಿಡಿದ ಸಿಸ್ಟರು. ನಮ್ಮದು ಹಾಗಿರಲಿಲ್ಲ ಮಾರಾಯ್ರೇ! ಮಂಗಳೂರಿನಿಂದ ಬಸ್ಸಿನಲ್ಲಿ ಒಂದೂವರೆ ಗಂಟೆ ದೂರದ ಹಳ್ಳಿ. ಇಗರ್ಜಿಯ ಪಕ್ಕದಲ್ಲೇ ಕನ್ನಡ ಮಾಧ್ಯಮದ ಅನುದಾನಿತ ಹೈಸ್ಕೂಲು. ಮನೆಯಲ್ಲಿ ಕೊಂಕಣಿ, ಆಟದಲ್ಲಿ ತುಳು, ಕ್ಲಾಸಲ್ಲಿ ಕನ್ನಡ. ನಲವತ್ತು ಚಿಲ್ಲರೆ ಮಕ್ಕಳಲ್ಲಿ ನಾವು ಕ್ಯಾಥೊಲಿಕರು ಒಂದು ಡಜನ್ ಇದ್ದರೆ ಹೆಚ್ಚು.

ನಮ್ಮ ಕಡೆ ಇಂಥ ಶಾಲೆಗಳ ಕಥೆ ಹಳೆಯದು. ಅಪೊಸ್ತಲಿಕ್ ಕಾರ್ಮೆಲ್ ಸಿಸ್ಟರುಗಳು ಮಂಗಳೂರಿಗೆ ಬಂದದ್ದು 1870ರಲ್ಲಿ. ಜೆಸ್ವಿತರು ಸಂತ ಅಲೋಶಿಯಸ್ ಶುರು ಮಾಡಿದ್ದು 1880ರಲ್ಲಿ. ಅಲ್ಲಿಂದ ಹಳ್ಳಿ ಹಳ್ಳಿಯ ಇಗರ್ಜಿಗೂ ಒಂದೊಂದು ಶಾಲೆ ಅಂಟಿಕೊಂಡಿತು. ಓದುವವರಲ್ಲಿ ಹೆಚ್ಚಿನವರು ಬೇರೆ ಧರ್ಮದವರೇ.

ವಾರಕ್ಕೆ ಎರಡು ದಿನ ಮೊದಲ ಪೀರಿಯಡ್ಡಿನಲ್ಲಿ ಕ್ಲಾಸು ಎರಡು ಹೋಳಾಗುತ್ತಿತ್ತು. ನಾವು ದೊತೊರ್ನಿಗೆ, ಅಂದ್ರೆ ಧರ್ಮಪಾಠಕ್ಕೆ. ಉಳಿದವರು ನೀತಿಪಾಠಕ್ಕೆ. ಯಾಕೆ ಹೀಗೆ ಅಂತ ಆಗ ಗೊತ್ತಿರಲಿಲ್ಲ. ಸಂವಿಧಾನದ 28(3)ನೇ ವಿಧಿ ಓದಿದ್ದು ಕಾಲೇಜಿಗೆ ಬಂದ ಮೇಲೆ. ಸರಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆಯಲ್ಲಿ ಯಾರನ್ನೂ ಒಪ್ಪಿಗೆ ಇಲ್ಲದೆ ಧರ್ಮಬೋಧನೆಗೆ ಕೂರಿಸುವ ಹಾಗಿಲ್ಲ, ಮಕ್ಕಳಾದರೆ ಪೋಷಕರ ಒಪ್ಪಿಗೆ ಬೇಕು. ನ್ಯಾಯವೇ. ಆದ್ರೆ ಹದಿಮೂರು ವರ್ಷದ ಮಕ್ಕಳಿಗೆ ಕಾಣುತ್ತಿದ್ದದ್ದು ಒಂದೇ: ಬೆಲ್ಲು ಹೊಡೆದ ಕೂಡಲೇ ಒಂದೇ ಬೆಂಚಿನವರು ಎರಡು ಬಾಗಿಲಿಂದ ಹೊರಗೆ ಹೋಗುತ್ತಾರೆ.

ಎಂಟನೇ ಕ್ಲಾಸಿಗೆ ಬಂದರೆ ನಮ್ಮನ್ನು ವೈ.ಸಿ.ಎಸ್.ಗೆ ಸೇರಿಸುತ್ತಿದ್ದರು. ಯಂಗ್ ಕ್ರಿಶ್ಚಿಯನ್ ಸ್ಟೂಡೆಂಟ್ಸ್. ಒಬ್ಬಳು ಅಧ್ಯಕ್ಷೆ, ಒಬ್ಬಳು ಕಾರ್ಯದರ್ಶಿ, ದಾರಿ ತೋರಿಸಲಿಕ್ಕೆ ಒಬ್ಬರು ಸಿಸ್ಟರು. ಒಂಬತ್ತನೇ ಕ್ಲಾಸಲ್ಲಿ ನಾನೇ ಕಾರ್ಯದರ್ಶಿ, ವರದಿ ಪುಸ್ತಕ ಬರೆಯುವ ಕೆಲಸ. ಅಧ್ಯಕ್ಷೆ ಆದವಳಿಗೆ ಅಸೆಂಬ್ಲಿಯಲ್ಲಿ ಮೈಕು ಸಿಗುತ್ತದೆ, ತೆನೆ ಹಬ್ಬದ ದಿನ ಮುಂದಿನ ಸಾಲಲ್ಲಿ ನಿಲ್ಲಬಹುದು... ಲೀಡರ್ ಅಂದ್ರೆ ನಮಗೆಲ್ಲ ಅಷ್ಟೇ ಆಗಿತ್ತು!

ಸಿಸ್ಟರಿಗೆ ಮಾತ್ರ ಅಷ್ಟೇ ಆಗಿರಲಿಲ್ಲ. ಮೊದಲ ಮೀಟಿಂಗಿನಲ್ಲೇ ಅವರು ಕಾರ್ಡೈನ್ ಎಂಬ ಪಾದ್ರಿಯ ಕಥೆ ಹೇಳಿದರು. ಜೋಸೆಫ್ ಕಾರ್ಡೈನ್ ಬೆಲ್ಜಿಯಂ ದೇಶದವರು, ಹುಟ್ಟಿದ್ದು 1882ರಲ್ಲಿ, ಬಡ ಕುಟುಂಬ. ಪಾದ್ರಿಯಾಗಲಿಕ್ಕೆ ಓದುತ್ತಿದ್ದ ಹುಡುಗ ರಜೆಯಲ್ಲಿ ಊರಿಗೆ ಬಂದರೆ, ಜೊತೆಯಲ್ಲಿ ಓದಿದ ಗೆಳೆಯರೆಲ್ಲ ಕಾರ್ಖಾನೆ ಸೇರಿದ್ದಾರೆ. ಅವರು ಇವನನ್ನು ಪರಕೀಯನ ಹಾಗೆ ನೋಡಿದರಂತೆ. ಆ ನೋಟ ಅವರನ್ನು ಜೀವನಪೂರ್ತಿ ಬಿಡಲಿಲ್ಲ. ದುಡಿಯುವ ಹುಡುಗ ಹುಡುಗಿಯರಿಗಾಗಿ ಅವರು ಕಟ್ಟಿದ ಸಂಘಟನೆ 1925ರಲ್ಲಿ ಶುರುವಾಯಿತು. ಅದೇ ದಾರಿಯಲ್ಲಿ ವಿದ್ಯಾರ್ಥಿಗಳದ್ದೂ ಹುಟ್ಟಿ, 1946ರಲ್ಲಿ ಅಂತರರಾಷ್ಟ್ರೀಯ ಸಂಘಟನೆಯಾಯಿತು. ಕಾರ್ಡೈನ್ ಕೊಟ್ಟ ಪಾಠ ಮೂರೇ ಶಬ್ದ: ನೋಡು, ತೂಗು, ಮಾಡು. 1961ರಲ್ಲಿ ಪೋಪ್ 23ನೇ ಜಾನ್ ತಮ್ಮ ವಿಶ್ವಪತ್ರದಲ್ಲಿ ಇದನ್ನೇ ಯುವಜನರಿಗೆ ಶಿಫಾರಸು ಮಾಡಿದರು.

ಕಥೆ ಮುಗಿಸಿ ಸಿಸ್ಟರು, "ನಿಮ್ಮ ಕ್ಲಾಸಲ್ಲಿ ನೀವು ಎಂತ ನೋಡಿದ್ರಿ?" ಅಂತ ಕೇಳಿದರು. ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಹಿಂದಿನ ಬೆಂಚಿನ ಒಬ್ಬಳು ಮೆಲ್ಲಗೆ ಹೇಳಿದಳು, "ಸಿಸ್ಟರ್, ನನ್ನ ಪಕ್ಕ ಕೂರುವವಳು ವಾರಕ್ಕೆ ಎರಡು ಮೂರು ದಿನ ಬರುವುದೇ ಇಲ್ಲ. ಬಂದರೂ ನಿದ್ದೆ ತೂಗ್ತಾಳೆ."

ಅವಳ ಹೆಸರು ಇಲ್ಲಿ ಬೇಡ. ಕ್ಯಾಥೊಲಿಕ್ ಅಲ್ಲ. "ಅವಳು ವೈ.ಸಿ.ಎಸ್. ಅಲ್ವಲ್ಲ" ಅಂತ ಯಾರೋ ಅಂದರು. "ಅವಳಿಗೋಸ್ಕರ ಡಬ್ಬಿ ಇಟ್ಟು ದುಡ್ಡು ಒಟ್ಟು ಮಾಡುವ" ಅಂತ ಇನ್ನೊಬ್ಬಳು. ಸಿಸ್ಟರು ಎರಡಕ್ಕೂ ಉತ್ತರ ಕೊಡಲಿಲ್ಲ. "ಮೊದಲು ಹೋಗಿ ನೋಡಿ" ಅಂದರು, ಅಷ್ಟೇ.

ಹೋದೆವು. ಗದ್ದೆ ಬದುವಿನಲ್ಲಿ ಅರ್ಧ ಗಂಟೆ ದಾರಿ. ಜಗಲಿಯಲ್ಲಿ ಮೊರ ಮಡಿಲಲ್ಲಿ ಇಟ್ಟುಕೊಂಡು ತಾಯಿ ಮಗಳು ಬೀಡಿ ಕಟ್ಟುತ್ತಾ ಕೂತಿದ್ದರು. ದಕ್ಷಿಣ ಕನ್ನಡದವರಿಗೆ ಇದನ್ನು ವಿವರಿಸುವುದು ಬೇಡ. ಹೊರಗಿನವರಿಗಾಗಿ ಹೇಳ್ತೇನೆ: ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು ತರಬೇಕು, ಎಲೆ ನೆನೆಸಿ ಕತ್ತರಿಸಬೇಕು, ಸೊಪ್ಪು ತುಂಬಿ ಸುರುಳಿ ಸುತ್ತಿ ನೂಲು ಕಟ್ಟಬೇಕು. ಕಟ್ಟಿದ್ದನ್ನು ಮತ್ತೆ ಬ್ರಾಂಚಿಗೆ ಹಾಕಬೇಕು. ಕೂಲಿ ಸಾವಿರ ಬೀಡಿಯ ಲೆಕ್ಕದಲ್ಲಿ. ತಾಯಿಗೆ ಕೈ ನೋವು, ಮೊದಲಿನಷ್ಟು ಆಗುತ್ತಿರಲಿಲ್ಲ. ಬಾಕಿ ಉಳಿದದ್ದನ್ನು ಮಗಳು ರಾತ್ರಿ ಚಿಮಿಣಿ ದೀಪದಲ್ಲಿ ಕಟ್ಟಿ ಮುಗಿಸುತ್ತಿದ್ದಳು.

ದುಡ್ಡಿನ ಮಾತೆತ್ತಿದ್ದಕ್ಕೆ ಆ ಅಮ್ಮ ನಕ್ಕರು. "ದುಡ್ಡು ಬೇಡ ಮಗಾ. ದುಡ್ಡಿಗೇ ಅಲ್ವಾ ಕಟ್ಟುವುದು. ಇವಳಿಗೆ ಓದ್ಲಿಕ್ಕೆ ಹೊತ್ತಿಲ್ಲ. ಹೊತ್ತು ತಂದುಕೊಡ್ಲಿಕ್ಕೆ ನಿಮ್ಮಿಂದ ಆಗ್ತದಾ?"

ಮುಂದಿನ ಮೀಟಿಂಗಿನಲ್ಲಿ ಎರಡನೇ ಶಬ್ದ, ತೂಗುವುದು. ಸಿಸ್ಟರು ಆರಿಸಿಕೊಂಡದ್ದು ಒಳ್ಳೆಯ ಸಮಾರಿಯದವನ ಸಾಮತಿ. ದಾರಿಯಲ್ಲಿ ಪೆಟ್ಟು ತಿಂದು ಬಿದ್ದವನನ್ನು ಕಂಡು ಯಾಜಕ ದಾಟಿ ಹೋಗುತ್ತಾನೆ, ಲೇವಿಯ ದಾಟಿ ಹೋಗುತ್ತಾನೆ, ನಿಲ್ಲುವವನು ಬೇರೆ ಜನದವನು. ದೊತೊರ್ನಿನಲ್ಲಿ ಹತ್ತು ಸಲ ಕೇಳಿದ್ದೆವು. ಆದ್ರೆ ಆ ದಿನ "ಅವಳು ವೈ.ಸಿ.ಎಸ್. ಅಲ್ವಲ್ಲ" ಎಂಬ ಮಾತಿನ ಪಕ್ಕ ಇಟ್ಟು ಕೇಳಿದಾಗ ಕೋಣೆಯಲ್ಲಿ ಸದ್ದೇ ಇಲ್ಲ.

ಮೂರನೆಯದು ಮಾಡುವುದು. ಉಪಾಯ ಹೊಳೆದದ್ದು ಸಿಸ್ಟರಿಗಲ್ಲ, ಆ ಹಿಂದಿನ ಬೆಂಚಿನವಳಿಗೆ. "ಬೀಡಿ ಕಟ್ಟುವಾಗ ಕೈಗೆ ಕೆಲಸ, ಕಣ್ಣಿಗೂ ಸ್ವಲ್ಪ ಕೆಲಸ. ಕಿವಿ ಖಾಲಿ ಅಲ್ವಾ?" ಅಂದಳು!

ಆಮೇಲೆ ಶನಿವಾರ ಶಾಲೆ ಬಿಟ್ಟ ಮೇಲೆ ಇಬ್ಬಿಬ್ಬರು ಪಾಳಿ ಹಾಕಿಕೊಂಡು ಅವರ ಜಗಲಿಗೆ ಹೋಗುವುದು, ವಾರದ ಪಾಠ ಗಟ್ಟಿಯಾಗಿ ಓದುವುದು. ಗಣಿತ ಮಾತ್ರ ಓದಿ ಹೇಳಿದರೆ ಆಗುವುದಿಲ್ಲವಲ್ಲ. ಅದಕ್ಕೆ ನಮ್ಮ ಕ್ಲಾಸಿನ ಬ್ಯಾರಿ ಹುಡುಗಿ ತಾನಾಗಿಯೇ ಬಂದು ಮಧ್ಯಾಹ್ನ ಊಟದ ಹೊತ್ತಲ್ಲಿ ಕಲಿಸಿದಳು. ತಡವಾಗಿ ಬಂದರೆ ಹೊರಗೆ ನಿಲ್ಲಿಸಬಾರದು ಅಂತ ಹೆಡ್‌ಮಿಸ್ ಹತ್ತಿರ ಸಿಸ್ಟರು ಮಾತಾಡಿದರು.

ದಾರಿಯಲ್ಲಿ ಒಬ್ಬರು ಹಿರಿಯರು ಒಮ್ಮೆ ಅಡ್ಡ ಹಾಕಿ, "ಅವರ ಮನೆಗೆ ಯಾಕೆ ಹೋಗ್ತೀರಿ? ಪ್ರಾರ್ಥನೆ ಮಾಡ್ಲಿಕ್ಕಾ?" ಅಂತ ಕೇಳಿದ್ದರು. ಕೇಳುವುದರಲ್ಲಿ ತಪ್ಪಿಲ್ಲ, ಊರಲ್ಲಿ ಅಂಥ ಅನುಮಾನ ಇರುವುದೇ. ಆ ಅಮ್ಮ ಜಗಲಿಯಿಂದಲೇ, "ಪ್ರಾರ್ಥನೆ ಅಲ್ಲ, ಝಾನ್ಸಿ ರಾಣಿ ಕಥೆ ಓದ್ಲಿಕ್ಕೆ. ಬನ್ನಿ, ನೀವೂ ಕೂತ್ಕೊಳ್ಳಿ" ಅಂತ ಕೂಗಿದರು. ಆ ಮನೆಯಲ್ಲಿ ನಾವು ಒಂದು ದಿನವೂ ಪ್ರಾರ್ಥನೆ ಹೇಳಿದ್ದಿಲ್ಲ. ಅದು ಸಿಸ್ಟರು ಹಾಕಿದ ಗೆರೆ.

ಝಾನ್ಸಿ ರಾಣಿಯ ಪಾಠ ಕೇಳಿ ಅಮ್ಮ, "ಬೆನ್ನಿಗೆ ಕಟ್ಟಿಕೊಂಡ ಆ ಮಗು ಎಂತ ಆಯ್ತು?" ಅಂತ ಕೇಳಿದ್ದರು. ಪುಸ್ತಕದಲ್ಲಿ ಇರಲಿಲ್ಲ. ಸಿಸ್ಟರು ಎಲ್ಲಿಂದಲೋ ಹುಡುಕಿ ತಂದರು: ದತ್ತುಮಗ ದಾಮೋದರ ರಾವ್ ಬದುಕುಳಿದ, ಇಂದೋರಿನಲ್ಲಿ ನೆಲೆಸಿದ. ಅದನ್ನು ಹೇಳಿದಾಗ ಆ ಅಮ್ಮನ ಮುಖ ನೋಡಬೇಕಿತ್ತು. ಸ್ವಂತ ನೆಂಟರ ಮಗು ಉಳಿದಷ್ಟು ಸಮಾಧಾನ!

ಸೆಪ್ಟೆಂಬರ್ 8 ನಮ್ಮ ತೆನೆ ಹಬ್ಬ, ಮೊಂತಿ ಫೆಸ್ತ್. ಅದಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಬಾಲ ಮರಿಯಮ್ಮನಿಗೆ ಹೂ ಹಾಕುವುದು ಪದ್ಧತಿ. ಮಾರನೇ ವರ್ಷ ಅವಳು ದಿನಾ ಬೆಳಿಗ್ಗೆ ಬಾಳೆ ಎಲೆಯಲ್ಲಿ ದಾಸವಾಳ, ಗೋರಟೆ ಕಟ್ಟಿ ತಂದು ನಮ್ಮ ಕೈಗೆ ಕೊಡುತ್ತಿದ್ದಳು. "ನಮ್ಮ ಹಿತ್ತಿಲಲ್ಲಿ ಸುಮ್ಮನೆ ಬಾಡ್ತದೆ, ನಿಮ್ಮ ದೇವರಿಗಾದ್ರೂ ಆಗಲಿ" ಅಂತ. ಹಬ್ಬದ ದಿನ ನಮಗೆ ಸಿಕ್ಕಿದ ಕಬ್ಬಿನಲ್ಲಿ ಅವಳಿಗೂ ಪಾಲು.

ಎಸ್.ಎಸ್.ಎಲ್.ಸಿ. ಪಾಸಾದಳು. ಸೆಕೆಂಡ್ ಕ್ಲಾಸ್. ಈಗ ಅವಳೇ ಒಂದು ಅಂಗನವಾಡಿಯಲ್ಲಿ ಟೀಚರ್.

ಆ ವರ್ಷದ ವರದಿ ಪುಸ್ತಕದಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ರ್‍ಯಾಲಿ ಇಲ್ಲ, ಭಾಷಣ ಸ್ಪರ್ಧೆಯಲ್ಲಿ ಬಹುಮಾನ ಇಲ್ಲ. 'ಮಾಡಿದ್ದು' ಎಂಬ ಕಾಲಂನಲ್ಲಿ ನಾನು ಬರೆದದ್ದು ಒಂದೇ ಸಾಲು: 'ಶನಿವಾರ ಗೆಳತಿಯ ಮನೆಗೆ ಹೋಗಿ ಪಾಠ ಓದಿದೆವು.' ಸಿಸ್ಟರು ಅದರ ಕೆಳಗೆ ಸಹಿ ಹಾಕಿ ಪುಸ್ತಕ ಮುಚ್ಚಿದರು.

ಹಾಗಾದ್ರೆ ಇದರಲ್ಲಿ ವಿಶ್ವಾಸ ಎಲ್ಲಿ ಬಂತು ಅಂತ ನೀವು ಕೇಳಬಹುದು. ಪ್ರಾರ್ಥನೆ ಹೇಳದ ಜಗಲಿಯಲ್ಲಿ ಎಂಥ ಧರ್ಮ? ನನಗನಿಸುವುದು ಇಷ್ಟು. ನಾವು ಅಲ್ಲಿಗೆ ಹೋದದ್ದು ಇಗರ್ಜಿಯಲ್ಲಿ ಕೇಳಿದ ಒಂದು ಕಥೆಯ ದೆಸೆಯಿಂದ. ಕಥೆಯನ್ನು ಅವಳ ಮೇಲೆ ಹೇರಲಿಲ್ಲ, ಅದರ ಭಾರ ನಾವು ಹೊತ್ತೆವು. ಬೇರೆ ಬೇರೆ ಮನೆಯ ಮಕ್ಕಳು ಒಟ್ಟಿಗೆ ಓದುವ ಶಾಲೆಯಲ್ಲಿ ವಿಶ್ವಾಸ ಹೀಗೆ ಇದ್ದರೇ ಚಂದ.

ಮೊನ್ನೆ ನನ್ನ ಅಕ್ಕನ ಮಗಳು ಅವಳ ಶಾಲೆಯ ವೈ.ಸಿ.ಎಸ್. ಲೀಡರ್ ಆದಳಂತೆ. ಫೋನ್ ಮಾಡಿ, "ಮಾವ್ಶಿ, ಒಂದು ಒಳ್ಳೆ ಭಾಷಣ ಬರೆದುಕೊಡು" ಅಂದಳು. ಬರೆದುಕೊಡ್ತೇನೆ, ಅದೇನೂ ದೊಡ್ಡ ವಿಷಯ ಅಲ್ಲ. ಜೊತೆಗೆ ಒಂದು ಕೆಲಸವನ್ನೂ ಹೇಳಿದೆ: "ನಾಳೆ ಟೀಚರು ಹಾಜರಿ ಕರೆಯುವಾಗ ಯಾರ ಹೆಸರಿಗೆ ಉತ್ತರ ಬರುವುದಿಲ್ಲ ಅಂತ ಕಿವಿಕೊಟ್ಟು ಕೇಳು. ಆಮೇಲೆ ನನಗೆ ಫೋನ್ ಮಾಡು."