ಎಡಗೈಗೊಂದು ಹಿಡಿ

ಮಕ್ಕಳ ಜೊತೆ ಒಸಾಕಾಗೆ ಹೋದರೆ ಸಕಾಯ್ ಊರಿಗೆ ಅರ್ಧ ದಿನ ಎತ್ತಿಡಿ. ತೆನ್ನೋಜಿಯಿಂದ ಹಂಕಾಯ್ ಟ್ರಾಮ್ ಹತ್ತಿದರಾಯಿತು. ಅಡುಗೆ ಚಾಕುಗಳ ಊರದು. ಅಲ್ಲಿ ಕಬ್ಬಿಣ ಬಡಿಯುವವರು ಬೇರೆ, ಸಾಣೆ ಹಿಡಿಯುವವರು ಬೇರೆ, ಹಿಡಿ ಮಾಡುವವರು ಬೇರೆ.

ನಾವು ನಿಂತು ನೋಡಿದ್ದು ಹಿಡಿ ಕೂರಿಸುವುದನ್ನು. ಮರದ ಹೆಸರು ‘ಹೋ’, ಮ್ಯಾಗ್ನೋಲಿಯಾ ಜಾತಿಯದು, ತುಂಬ ಹಗುರ. ಬಾಯಿಗೆ ಎಮ್ಮೆ ಕೊಂಬಿನ ಬಳೆ. ಅಲಗಿನ ಬಾಲವನ್ನು ಕೆಂಪಗೆ ಕಾಯಿಸಿ ಮರದ ತೂತಿಗೆ ಇಳಿಸಿದಾಗ ಹೊಗೆ ಎದ್ದಿತು. ಆಮೇಲೆ ಚಾಕುವನ್ನು ತಲೆಕೆಳಗಾಗಿ ತೂಗಿಬಿಟ್ಟು ಹಿಡಿಯ ತುದಿಗೆ ಸುತ್ತಿಗೆಯಿಂದ ಬಡಿದರು. ಏಟು ಬಿದ್ದಷ್ಟೂ ಅಲಗು ಮೇಲೇರಿ ಒಳಗೆ ಕೂರುತ್ತದೆ! ನಮ್ಮ ತಾತ ಕೊಡಲಿಗೆ ಕಾವು ಹಾಕುತ್ತಿದ್ದದ್ದೂ ಹೀಗೇ. ಮಗಳಿಗೆ ‘ಕಾವು’ ಎಂಬ ಪದ ಸಿಕ್ಕಿದ್ದು ಜಪಾನಿನಲ್ಲಿ, ನೋಡಿ.

ಅವಳು ಎಡಚಿ. ಊರಿಗೆ ಹೋದಾಗಲೆಲ್ಲ “ಬಲಗೈಲಿ ತಿನ್ನು ಪುಟ್ಟಿ” ಕೇಳಿ ಕೇಳಿ, ಈಗ ಊರೆಂದರೇ ಮುಖ ಸಣ್ಣಗೆ ಮಾಡುತ್ತಾಳೆ. ಚಾಕು ಮಾಡುವವರು ಮೊದಲು ಕೇಳಿದ್ದು, ಯಾವ ಕೈ ಎಂದು. ಅಲ್ಲಿನ ಎಷ್ಟೋ ಹಿಡಿಗಳಿಗೆ ಒಂದು ಪಕ್ಕ ಏಣು ಇರುತ್ತದೆ, ಬಲಗೈಯ ಬೆರಳಿಗೆ ಹೊಂದುವಂತೆ. ಎಡಗೈಗೆ ಅದು ಆಚೆ ಪಕ್ಕ ಬರಬೇಕು. ಎಂಟು ಮೂಲೆಯದಾದರೆ ಎರಡೂ ಕೈಗೆ ಸರಿ. ನೀವು ಕೊಳ್ಳುವಾಗಲೂ ಮರೆಯದೆ ಹೇಳಿ. ವಿಮಾನದಲ್ಲಿ ಕೈಚೀಲದಲ್ಲಿ ಮಾತ್ರ ಇಡಬೇಡಿ.

ಅವಳ ಸಣ್ಣ ಚಾಕುವಿಗೆ ಏಣು ಎಡಕ್ಕೆ ಬಂತು. ಆ ರಾತ್ರಿ ವಿಡಿಯೊ ಕರೆಯಲ್ಲಿ ಅವಳೇ ತೋರಿಸಿದಳು: “ಅಜ್ಜಿ, ಈ ಹಿಡಿ ನನ್ನ ಎಡಗೈಗೇ ಮಾಡಿದ್ದು.” ಅಮ್ಮ ಒಂದು ಕ್ಷಣ ಸುಮ್ಮನಿದ್ದರು.

“ಬೆರಳು ಜೋಪಾನ ಕಂದಾ,” ಅಂದರು.